ಏಕವಚನ, ಬಹುವಚನ ಮತ್ತು ಸ್ಲಾವ್ ಭಾಷೆಗಳ ಓದು



ಬೊಮ್ಮಸಂದ್ರದ ಈ ದತ್ತಿ ಉಪನ್ಯಾಸಕ್ಕೆ ಸ್ಲಾವ್ ಭಾಷೆಗಳ ವಿಷಯ ಆರಿಸಿಕೊಂಡಿದ್ದೇನೆ ಎಂದು ತಿಳಿಸಿದಾಗ ಸಂಘಟಕರು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಬೊಮ್ಮಸಂದ್ರಕ್ಕೂ ಅದಕ್ಕೂ ಏನು ಸಂಬಂಧ ಮೇಡಂ?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಈ ಕೈಗಾರಿಕಾ ಪ್ರದೇಶದ ಔಷಧ ಕಂಪನಿಗಳಲ್ಲಿ ರಫ್ತು ವಿಭಾಗದ ಕೆಲಸ ಮಾಡಿದವರು ಇಲ್ಲಿ ಇದ್ದರೆ ಉತ್ತರ ಅವರಿಗೇ ಗೊತ್ತಿರುತ್ತದೆ. ರಷ್ಯಾದಲ್ಲಿ ಮಾರುವ ಮಾತ್ರೆಯ ಡಬ್ಬಿಯ ಮೇಲಿನ ಬರಹವೂ ಒಳಗೆ ಎಂಟು ಮಡಿಕೆಯಾಗಿ ಕೂರುವ ಮಾಹಿತಿ ಚೀಟಿಯೂ ರಷ್ಯನ್‌ನಲ್ಲೇ ಇರಬೇಕು. ನನ್ನ ರಷ್ಯನ್ ಸಂಜೆ ತರಗತಿಗೆ ಬರುತ್ತಿದ್ದ ವಿದ್ಯಾರ್ಥಿಗಳಲ್ಲಿ ಅಂಥ ಚೀಟಿಯ ಕರಡು ತಿದ್ದುವವರೂ ಇದ್ದರು. ಮೊದಲ ವಾರ ಎಲ್ಲರಿಗೂ ಒಂದೇ ತಾಪತ್ರಯ, ಲಿಪಿಯದು. ಒಟ್ಟು ಮೂವತ್ತಮೂರು ಅಕ್ಷರ, ಕಲಿಯಲು ನಾಲ್ಕು ದಿನ ಸಾಕು. ಆದರೆ ಇಂಗ್ಲಿಷಿನ ‘ಪಿ’ಯಂತೆ ಕಾಣುವುದು ಅಲ್ಲಿ ರ, ‘ಎಚ್’ನಂತೆ ಕಾಣುವುದು ನ, ‘ಸಿ’ಯಂತೆ ಕಾಣುವುದು ಯಾವಾಗಲೂ ಸ. ಇಂಗ್ಲಿಷ್ ಚೆನ್ನಾಗಿ ಬಂದವರೇ ಹೆಚ್ಚು ಎಡವುತ್ತಿದ್ದರು. ಕನ್ನಡ ಮಾಧ್ಯಮದಿಂದ ಬಂದವರು, ಇದು ಬೇರೆ ಲಿಪಿ, ಹೊಸದಾಗಿ ಕಲಿಯಬೇಕು ಎಂದು ಒಪ್ಪಿಕೊಂಡು ಸಲೀಸಾಗಿ ಮುಂದೆ ಹೋಗುತ್ತಿದ್ದರು.

ಇಂದು ನಾನು ಹೇಳಬೇಕೆಂದಿರುವ ಮಾತು ಇದರ ಸುತ್ತಲೇ ಇದೆ. ಕನ್ನಡಿಗರು ನೂರು ವರ್ಷದಿಂದ ರಷ್ಯನ್ ಸಾಹಿತ್ಯವನ್ನು ಮನೆಯದೆಂಬಂತೆ ಓದಿದ್ದಾರೆ. ಆದರೆ ಬಹುಪಾಲು ಇಂಗ್ಲಿಷ್ ದಾರಿಯಲ್ಲಿ ಓದಿದ್ದಾರೆ. ಆ ಸುತ್ತುದಾರಿಯಲ್ಲಿ ಕಳೆದುಹೋಗುವುದು ಯಾವುದು ಎಂದು ನೋಡಿದರೆ, ಕನ್ನಡಕ್ಕೆ ಅನಾಯಾಸವಾಗಿ ದಕ್ಕಬಹುದಾಗಿದ್ದ ಸಂಗತಿಗಳೇ ಹೆಚ್ಚು. ಅದನ್ನು ಸರಿಪಡಿಸಬಲ್ಲ ಜಾಗ ವಿಶ್ವವಿದ್ಯಾಲಯ. ನಮ್ಮ ವಿಶ್ವವಿದ್ಯಾಲಯಗಳು ಆ ಕೆಲಸವನ್ನು ಸಂಜೆಯ ಡಿಪ್ಲೊಮಾ ಮಟ್ಟದಲ್ಲಿ ನಿಲ್ಲಿಸಿಕೊಂಡಿವೆ ಎಂಬುದು ನನ್ನ ತಕರಾರು.

ಸ್ಲಾವ್ ಎಂದರೆ ರಷ್ಯನ್ ಒಂದೇ ಅಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಪೂರ್ವದಲ್ಲಿ ರಷ್ಯನ್, ಉಕ್ರೇನಿಯನ್, ಬೆಲರೂಸಿಯನ್. ಪಶ್ಚಿಮದಲ್ಲಿ ಪೋಲಿಷ್, ಚೆಕ್, ಸ್ಲೊವಾಕ್. ದಕ್ಷಿಣದಲ್ಲಿ ಬಲ್ಗೇರಿಯನ್, ಮೆಸಡೋನಿಯನ್, ಸರ್ಬಿಯನ್, ಕ್ರೊಯೇಶಿಯನ್, ಸ್ಲೊವೀನ್ ಮೊದಲಾದವು. ಎಲ್ಲ ಸೇರಿ ಮೂವತ್ತು ಕೋಟಿಯ ಆಸುಪಾಸು ಜನ ಆಡುವ ದಾಯಾದಿ ಭಾಷೆಗಳು. ದಾಯಾದಿಗಳೆಂದ ಮೇಲೆ ಗಡಿ ವ್ಯಾಜ್ಯ ಇದ್ದೇ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಇವನ್ನು ಒಟ್ಟಾಗಿ ಅಭ್ಯಾಸ ಮಾಡುವ ಶಿಸ್ತು ಯುರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬೆಳೆಯಿತು. ಪ್ಯಾರಿಸಿನ ಕೊಲೇಜ್ ದ ಫ್ರಾನ್ಸ್‌ನಲ್ಲಿ 1840ರಲ್ಲಿ ಸ್ಲಾವ್ ಸಾಹಿತ್ಯಗಳ ಪೀಠಕ್ಕೆ ಬಂದು ಕುಳಿತವನು ಪೋಲಿಷ್ ಕವಿ ಆದಾಮ್ ಮಿತ್ಸ್ಕಿಯೆವಿಚ್. ಆಗ ಪೋಲೆಂಡ್ ಎಂಬ ದೇಶವೇ ಭೂಪಟದಲ್ಲಿರಲಿಲ್ಲ. 1795ರಲ್ಲಿ ನೆರೆಯ ಮೂರು ಸಾಮ್ರಾಜ್ಯಗಳು ಹಂಚಿಕೊಂಡದ್ದು ಮತ್ತೆ ದೇಶವಾದದ್ದು 1918ರಲ್ಲಿ. ರಾಜ್ಯ ಹೋದ ಮೇಲೂ ಭಾಷೆಯನ್ನು ಉಳಿಸಿಕೊಂಡವರ ಓದು ಇದು. ಏಕೀಕರಣದ ಕಥೆ ಕೇಳಿ ಬೆಳೆದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಸ್ಲಾವ್ ಜಗತ್ತಿಗೂ ನಮಗೂ ಇರುವ ಹಳೆಯ ನಂಟನ್ನು ನೋಡಲು ಈಗ ಬೀದರಿಗೆ ಹೋಗೋಣ. ಹದಿನೈದನೆಯ ಶತಮಾನದಲ್ಲಿ ವೋಲ್ಗಾ ದಡದ ತ್ವೇರ್ ಊರಿನ ವರ್ತಕ ಅಫನಾಸಿ ನಿಕಿತಿನ್ ಅಲ್ಲಿಗೆ ಬಂದಿದ್ದ. ಅವನು ಭಾರತದಲ್ಲಿ ಇದ್ದದ್ದು 1469ರಿಂದ 1472ರ ನಡುವೆ ಎಂದು ಹಲವರು ಗುಣಿಸುತ್ತಾರೆ, ಒಂದೆರಡು ವರ್ಷ ಮುಂದೂಡುವವರೂ ಉಂಟು. ಆಸ್ತ್ರಾಖಾನ್ ಬಳಿ ಅವನ ಸರಕನ್ನು ದೋಚಿದರು. ಬರಿಗೈಯಲ್ಲಿ ಊರಿಗೆ ಹಿಂದಿರುಗುವ ಧೈರ್ಯ ಸಾಲದೆ ಬಾಕು, ಪರ್ಷಿಯಾ, ಹೊರ್ಮುಜ್ ದಾಟಿ ಚೌಲ್ ಬಂದರಿಗೆ ಬಂದು ಇಳಿದ. ಜೊತೆಗೆ ಮಾರಲು ತಂದ ಒಂದು ಗಂಡುಕುದುರೆ. ಜುನ್ನರಿನ ಖಾನ ಅದನ್ನು ಕಿತ್ತುಕೊಂಡು, ಮತ ಬದಲಿಸಿದರೆ ಕೊಡುತ್ತೇನೆ ಎಂದ. ಹೇಗೋ ಪಾರಾಗಿ, ಕುದುರೆಯನ್ನೂ ಬಿಡಿಸಿಕೊಂಡು ಬೀದರಿಗೆ ಬಂದು ಅಲ್ಲಿ ಮಾರಿದ. ಬಹಮನಿ ಸುಲ್ತಾನನ ಮೆರವಣಿಗೆ, ಅವನ ಮಂತ್ರಿ ಮಹಮೂದ್ ಗವಾನನ ವೈಭವ, ಆಳಂದದ ಜಾತ್ರೆಯಲ್ಲಿ ಕುದುರೆ ವ್ಯಾಪಾರ, ಸಿರಿವಂತರ ಮೋಜು, ಹಳ್ಳಿಗರ ಬಡತನ, ಎಲ್ಲವನ್ನೂ ಬರೆದಿಟ್ಟ. ತಾನು ಮುಸಲ್ಮಾನನಲ್ಲ, ಕ್ರೈಸ್ತ ಎಂದು ತಿಳಿಸಿದ ಮೇಲೆ ಊರಿನ ಹಿಂದೂಗಳು ತನ್ನಿಂದ ಏನನ್ನೂ ಮುಚ್ಚಿಡಲಿಲ್ಲ ಎನ್ನುತ್ತಾನೆ. ಅವರೊಂದಿಗೆ ಶ್ರೀಶೈಲದ ಜಾತ್ರೆಗೂ ಹೋಗಿಬಂದ.

ನಿಕಿತಿನನ ಒದ್ದಾಟದಲ್ಲಿ ನನಗೆ ಬಹಳ ಹತ್ತಿರವಾದದ್ದು ಅವನ ಪಂಚಾಂಗದ ಕಷ್ಟ. ದರೋಡೆಯಲ್ಲಿ ಅವನ ಧರ್ಮಗ್ರಂಥಗಳೂ ಹೋಗಿದ್ದವು. ಈಸ್ಟರ್ ಎಂದು ಬರುತ್ತದೆ, ಉಪವಾಸ ಎಂದು ಹಿಡಿಯಬೇಕು ಎಂದು ಲೆಕ್ಕ ಹಾಕಲು ಆಗದೆ ಮತ್ತೆ ಮತ್ತೆ ಪರಿತಪಿಸುತ್ತಾನೆ. ಪರದೇಶದಲ್ಲಿ ಕೂತು ಯುಗಾದಿ ಎಂದು ಎಂದು ಊರಿಗೆ ಫೋನು ಮಾಡುವ ನಮ್ಮ ಮಕ್ಕಳಿಗಾದರೂ ಆ ಸಂಕಟ ಅರ್ಥವಾದೀತು.

ನಿಕಿತಿನನ ಬರಹ ರಷ್ಯಾದ ತ್ರೋಯಿತ್ಸ ಮಠದ ಗ್ರಂಥಾಲಯದಲ್ಲಿ ಇತಿಹಾಸಕಾರ ಕರಮ್ಜಿನ್‌ನ ಕಣ್ಣಿಗೆ ಬಿದ್ದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಇಂಗ್ಲಿಷಿಗೆ 1857ರಲ್ಲೇ ಬಂತು, ಹಕ್ಲುಯ್ಟ್ ಸೊಸೈಟಿಯವರು ಅಚ್ಚು ಹಾಕಿದರು. ಬಹಮನಿಗಳ ಬಗ್ಗೆ ನಾವು ಬರೆಯುವಾಗ ನಿಕಿತಿನನನ್ನು ಉದ್ಧರಿಸುತ್ತೇವಲ್ಲ, ಆ ಮಾತುಗಳ ಹಿಂದೆ ಸಾಮಾನ್ಯವಾಗಿ ಇರುವುದು ಆ ವಿಕ್ಟೋರಿಯಾ ಕಾಲದ ಇಂಗ್ಲಿಷೇ. ಕರ್ನಾಟಕದ್ದೇ ಒಂದು ಜಿಲ್ಲೆಯ ಬಗ್ಗೆ ಕಣ್ಣಾರೆ ಕಂಡವನ ಸಾಕ್ಷ್ಯ, ಅದನ್ನು ನಾವು ಎರಡನೆಯ ಕೈಯಿಂದ ಪಡೆಯುತ್ತಿದ್ದೇವೆ. ಮೂಲದಲ್ಲಿ ಇನ್ನೊಂದು ಗಮ್ಮತ್ತಿದೆ. ನಿಕಿತಿನ್ ಹಳೆಯ ರಷ್ಯನ್‌ನಲ್ಲಿ ಬರೆಯುತ್ತ ಬರೆಯುತ್ತ ಇದ್ದಕ್ಕಿದ್ದಂತೆ ತುರ್ಕಿ, ಪಾರಸಿ, ಅರಬ್ಬಿ ಬೆರೆತ ಬಜಾರಿನ ಮಾತಿಗೆ ಹೊರಳುತ್ತಾನೆ. ಊರಿನಲ್ಲಿ ಓದುವವರಿಗೆ ತಿಳಿಯಬಾರದ ಮಾತು ಬಂದಾಗಲಂತೂ ಖಂಡಿತ ಹೊರಳುತ್ತಾನೆ, ಪುಸ್ತಕ ಮುಗಿಯುವುದೂ ಆ ಕಲಬೆರಕೆ ಭಾಷೆಯ ಪ್ರಾರ್ಥನೆಯಲ್ಲಿ. ಮಾಸ್ಕೋದ ವಿದ್ವಾಂಸರು ಕೋಶ ತಿರುವಿ ಬಿಡಿಸಬೇಕಾದ ಆ ಸಾಲುಗಳಲ್ಲಿ ಕೆಲವು ಪದಗಳಾದರೂ ದಖ್ಖನಿ ಮಾತಾಡುವ ಬೀದರಿನ ಹುಡುಗಿಗೆ ಕೇಳಿದೊಡನೆ ಗುರುತು ಸಿಕ್ಕಾವು. ಆ ಹುಡುಗಿಗೆ ಹಳೆಯ ರಷ್ಯನ್ ಕಲಿಸುವ ತರಗತಿ ಕಲಬುರಗಿಯಲ್ಲೋ ಬೆಂಗಳೂರಿನಲ್ಲೋ ಇರಬೇಕು ಎಂದರೆ ಅದು ಅತಿಯಾಸೆಯೇ?

ನಮ್ಮ ಓದಿನ ಚರಿತ್ರೆಯನ್ನು ಒಂದಿಷ್ಟು ನೋಡೋಣ. ಟಾಲ್‌ಸ್ಟಾಯ್ ಕನ್ನಡಕ್ಕೆ ಮೊದಲು ಬಂದದ್ದು ಕಾದಂಬರಿಕಾರನಾಗಿ ಎನ್ನುವುದಕ್ಕಿಂತ ಋಷಿಯಾಗಿ. ಗಾಂಧೀಜಿ ಗೌರವಿಸಿದ ಹಿರಿಯ ಎಂಬ ಪರಿಚಯ. ಮಾಸ್ತಿಯವರು ‘ಟಾಲ್‌ಸ್ಟಾಯ್ ಮಹರ್ಷಿಯ ಭೂರ್ಜವೃಕ್ಷಗಳು’ ಬರೆದಾಗ ಹೆಸರಿನಲ್ಲೇ ಆತನನ್ನು ಮಹರ್ಷಿ ಮಾಡಿ ನಮ್ಮ ಆಶ್ರಮದಲ್ಲಿ ಕೂರಿಸಿಕೊಂಡರು. ಕುವೆಂಪು ಅವರ ಎರಡು ಮಹಾಕಾದಂಬರಿಗಳ ಹರವನ್ನು ವಿಮರ್ಶಕರು ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ಯ ಜೊತೆಗಿಟ್ಟು ನೋಡುತ್ತಲೇ ಬಂದಿದ್ದಾರೆ. ಆ ಕಾದಂಬರಿಯನ್ನು ದೇಜಗೌ ಕನ್ನಡಿಸಿದರು, ನಮ್ಮ ಕಾಲದಲ್ಲಿ ಓ.ಎಲ್. ನಾಗಭೂಷಣಸ್ವಾಮಿಯವರು ಮತ್ತೆ ಕನ್ನಡಿಸಿದರು. ನಿರಂಜನರು ಗೋರ್ಕಿಯ ‘ತಾಯಿ’ಯನ್ನು ಕೊಟ್ಟರು. ಹೆಗ್ಗೋಡಿನ ಸುಬ್ಬಣ್ಣನವರ ಕೈಯಲ್ಲಿ ಗೊಗೊಲ್‌ನ ನಾಟಕ ‘ಸಾಹೇಬರು ಬರುತ್ತಾರೆ’ ಆಯಿತು. ತಪಾಸಣೆಗೆ ಮೇಲಧಿಕಾರಿ ಬರುತ್ತಾನೆಂಬ ಸುದ್ದಿಗೆ ನಡುಗುವ ಊರು ಯಾವ ತಾಲ್ಲೂಕಿನಲ್ಲಿಲ್ಲ ಹೇಳಿ. ಜಿ.ಎಸ್. ಶಿವರುದ್ರಪ್ಪನವರ ‘ಮಾಸ್ಕೋದಲ್ಲಿ ಇಪ್ಪತ್ತೆರಡು ದಿನ’ಕ್ಕೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂತು.

ಇನ್ನು ಮಾಸ್ಕೋದಲ್ಲೇ ಅಚ್ಚಾಗಿ ಬರುತ್ತಿದ್ದ ಕನ್ನಡ ಪುಸ್ತಕಗಳು. ಪ್ರಗತಿ, ರಾದುಗ, ಮೀರ್ ಪ್ರಕಾಶನಗಳ ಆ ದಪ್ಪ ರಟ್ಟು, ಚೆಂದದ ಚಿತ್ರ, ನಂಬಲಾಗದ ಬೆಲೆ. ನವಕರ್ನಾಟಕದ ಮಳಿಗೆಯಲ್ಲಿ ಅವುಗಳ ಮುಂದೆ ನಿಂತ ತಲೆಮಾರು ಈ ಸಭೆಯ ಹಿಂದಿನ ಸಾಲಿನಲ್ಲಿ ಕೂತಿದೆ. ಮುಂದಿನ ಸಾಲಿನ ಹುಡುಗರಿಗೆ ಇರೊದೊವ್ ಗೊತ್ತು, ಜೆಇಇ ತಯಾರಿಯ ಭೌತಶಾಸ್ತ್ರದ ಲೆಕ್ಕಗಳು. ಅದೂ ಮೀರ್ ಪ್ರಕಾಶನದಿಂದಲೇ ಬಂದದ್ದು. ನಂಟು ಪುಸ್ತಕಗಳಿಗಷ್ಟೇ ನಿಲ್ಲಲಿಲ್ಲ. ಪೀಣ್ಯದ ಷೆಡ್ಡುಗಳಲ್ಲಿ ಯು.ಆರ್. ರಾವ್ ಅವರ ತಂಡ ಕಟ್ಟಿದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಹಾರಿದ್ದು ಸೋವಿಯತ್ ನೆಲದ ಕಪೂಸ್ತಿನ್ ಯಾರ್‌ನಿಂದ. ಸೌರಫಲಕ, ಬ್ಯಾಟರಿಗಳನ್ನು ಒದಗಿಸಿದವರೂ ಅವರೇ. ಅಂಥ ಕೆಲಸಗಳ ನಡುವೆ ದುಭಾಷಿಗಳು ಇದ್ದೇ ಇರುತ್ತಾರೆ, ಚರಿತ್ರೆಯಲ್ಲಿ ಅವರ ಹೆಸರು ಬರುವುದು ಅಪರೂಪ.

ಅತ್ತ ರಷ್ಯನ್ನರು ಏನು ಮಾಡಿದರು? ದ್ರಾವಿಡ ಭಾಷಾ ವಿದ್ವಾಂಸ ಮಿಹಾಯಿಲ್ ಆಂದ್ರೊನೊವ್ ಕನ್ನಡ ಭಾಷೆಯ ಮೇಲೆ ಪುಸ್ತಕ ಬರೆದರು. ಅವರೂ ಸಂಗಡಿಗರೂ ಸೇರಿ ಸಿದ್ಧಪಡಿಸಿದ ಕನ್ನಡ–ರಷ್ಯನ್ ನಿಘಂಟು 1979ರಲ್ಲಿ ಮಾಸ್ಕೋದಲ್ಲಿ ಹೊರಬಂತು. ನಮ್ಮನ್ನು ನೇರವಾಗಿ ಓದಬೇಕೆಂದು ಅವರು ಮಾಡಿಕೊಂಡ ಉಪಕರಣ ಅದು. ಇಂಗ್ಲಿಷಿನಲ್ಲಿ ಸಿಗುವಷ್ಟು ಸಾಕು ಎಂದು ಅವರು ಕೂರಲಿಲ್ಲ.

ನೇರವಾಗಿ ಓದಿದರೆ ಏನು ಸಿಗುತ್ತದೆ? ಇಲ್ಲಿ ಸ್ವಲ್ಪ ವ್ಯಾಕರಣ ಮಾತಾಡುತ್ತೇನೆ, ಕಾಫಿ ಬರುವವರೆಗೆ ಸಹಿಸಿಕೊಳ್ಳಿ.

‘ಅವನು ಡಾಕ್ಟರು’ ಎನ್ನುತ್ತೇವೆ ನಾವು. ನಡುವೆ ಕ್ರಿಯಾಪದ ಬೇಕಿಲ್ಲ. ರಷ್ಯನ್ನರೂ ‘ಓನ್ ವ್ರಾಚ್’ ಎಂದು ಎರಡೇ ಪದದಲ್ಲಿ ಮುಗಿಸುತ್ತಾರೆ. ‘ನನಗೆ ಚಳಿ’ ಎಂಬುದಕ್ಕೆ ‘ಮ್ನ್ಯೆ ಹೊಲೊದ್ನ’. ಚಳಿಯಾಗುವವನು ಚತುರ್ಥಿಯಲ್ಲಿ, ನಮ್ಮಂತೆಯೇ. ‘ನನಗೆ ಇಪ್ಪತ್ತು ವರ್ಷ’ ಎಂಬುದೂ ಹಾಗೇ. ಇಂಗ್ಲಿಷರು ಯಾವುದನ್ನಾದರೂ ‘ಹೊಂದಿ’ರಬೇಕು. ರಷ್ಯನ್ನನಿಗೆ ಅದು ‘ನನ್ನ ಹತ್ತಿರ ಇದೆ’, ‘ಊ ಮೆನ್ಯಾ ಯೆಸ್ತ್’. ‘ನಿನ್ನೆ ಬಂದ ವಿದ್ಯಾರ್ಥಿ’ ಎಂದು ಕೃದಂತವನ್ನು ನಾಮಪದದ ಹಿಂದೆ ಕಟ್ಟುವ ನಮ್ಮ ಕ್ರಮ ಅವರ ಗ್ರಂಥಭಾಷೆಯಲ್ಲೂ ಉಂಟು. ವಿಭಕ್ತಿಗೆ ನಾವು ಹೆದರಬೇಕಾಗಿಲ್ಲ. ಕೇಶಿರಾಜನ ನಾಡಿನವರು ನಾವು, ರಷ್ಯನ್‌ಗೆ ಇರುವುದು ಆರೇ ಆರು. ಪೋಲಿಷ್, ಚೆಕ್‌ಗಳಲ್ಲಿ ಸಂಬೋಧನೆಯೂ ಸೇರಿ ಏಳು. ಬಲ್ಗೇರಿಯನ್ನರು ಬೇಸತ್ತು ಬಹುತೇಕ ಎಲ್ಲವನ್ನೂ ಬಿಟ್ಟುಬಿಟ್ಟಿದ್ದಾರೆ.

ಎಲ್ಲವೂ ಸುಲಭ ಎಂದರೆ ಸುಳ್ಳಾಗುತ್ತದೆ. ನಾಮಪದಕ್ಕೆಲ್ಲ ಲಿಂಗ ಇದೆ, ಮೇಜು ಗಂಡು, ಪುಸ್ತಕ ಹೆಣ್ಣು. ಹೋಗುವ ಕ್ರಿಯೆಯಂತೂ ಗೋಳು. ನಾವು ಮೆಟ್ರೊದಲ್ಲಾದರೂ ಹೋಗುತ್ತೇವೆ, ಕಾಲ್ನಡಿಗೆಯಲ್ಲಾದರೂ ಹೋಗುತ್ತೇವೆ. ಅಲ್ಲಿ ನಡೆದು ಹೋಗುವುದಕ್ಕೆ ಒಂದು ಧಾತು, ವಾಹನದಲ್ಲಿ ಹೋಗುವುದಕ್ಕೆ ಇನ್ನೊಂದು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಈಗ ಹಳದಿ ಮಾರ್ಗದಲ್ಲಿ ಹೊರಟಿದ್ದೇನೆ ಎನ್ನಲು ಒಂದು ರೂಪ, ದಿನಾ ಓಡಾಡುತ್ತೇನೆ ಎನ್ನಲು ಬೇರೆಯದೇ ರೂಪ. ಅದರ ಮೇಲೆ, ಕೆಲಸ ಮುಗಿಯಿತೋ ನಡೆಯುತ್ತಿತ್ತೋ ಎಂಬುದಕ್ಕೆ ಬಹುತೇಕ ಪ್ರತಿ ಕ್ರಿಯಾಪದಕ್ಕೂ ಜೋಡಿ. ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಪಠ್ಯಪುಸ್ತಕಗಳು ಅಧ್ಯಾಯಗಟ್ಟಲೆ ಹೆಣಗುತ್ತವೆ. ನಾನು ‘ಓದಿದೆ’ ಮತ್ತು ‘ಓದಿಬಿಟ್ಟೆ’ ಎರಡನ್ನೂ ಹಲಗೆಯ ಮೇಲೆ ಬರೆದು ಶುರುಮಾಡುತ್ತಿದ್ದೆ. ಪೂರ್ತಿ ಹೊಂದುವುದಿಲ್ಲ, ಆದರೆ ವಿದ್ಯಾರ್ಥಿಯ ಕಾಲು ನೆಲಕ್ಕೆ ಸಿಗುತ್ತದೆ.

ಎಲ್ಲಕ್ಕಿಂತ ದೊಡ್ಡ ಸಂಗತಿ ಏಕವಚನ, ಬಹುವಚನ. ಮರ್ಯಾದೆಯ ಪ್ರಶ್ನೆ. ‘ಏಕವಚನದಲ್ಲಿ ಮಾತಾಡಬೇಡಿ’ ಎಂಬ ಮಾತಿನಿಂದ ನಮ್ಮಲ್ಲಿ ಎಷ್ಟು ಜಗಳ ಶುರುವಾಗಿಲ್ಲ! ರಷ್ಯನ್‌ನಲ್ಲೂ ನೀನು, ನೀವು ಇವೆ: ‘ತಿ’ ಮತ್ತು ‘ವಿ’. ಇಬ್ಬರು ‘ನೀವು’ ಬಿಟ್ಟು ‘ನೀನು’ಗೆ ಇಳಿಯುವುದು, ಕೋಪದಲ್ಲಿ ‘ನೀನು’ ಬಿಟ್ಟು ಮತ್ತೆ ‘ನೀವು’ಗೆ ಏರುವುದು, ರಷ್ಯನ್ ಕಾದಂಬರಿಗಳಲ್ಲಿ ಒಂದು ಘಟನೆ. ಪುಷ್ಕಿನ್ 1828ರಲ್ಲಿ ಇದೇ ವಿಷಯದ ಮೇಲೆ ಪುಟ್ಟ ಕವಿತೆ ಬರೆದಿದ್ದಾನೆ. ‘ಅನ್ನಾ ಕರೆನಿನಾ’ದ ಎರಡನೆಯ ಭಾಗದಲ್ಲಿ ವ್ರೋನ್‌ಸ್ಕಿ ಗುಟ್ಟಿನ ಪ್ರೇಯಸಿ ಅನ್ನಾಳ ಜೊತೆ ಫ್ರೆಂಚಿನಲ್ಲಿ ಮಾತಾಡುತ್ತಾನೆ. ರಷ್ಯನ್‌ನಲ್ಲಾದರೆ ನೀವು ಎನ್ನಬೇಕು, ಅವರಿಬ್ಬರ ನಡುವೆ ಅದು ಕೊರೆಯುವಷ್ಟು ತಣ್ಣಗೆ. ನೀನು ಎಂದರೆ ಯಾರಾದರೂ ಕೇಳಿಸಿಕೊಂಡಾರು. ಟಾಲ್‌ಸ್ಟಾಯ್ ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಇಂಗ್ಲಿಷ್ ಓದುಗನಿಗೆ ಅದಕ್ಕೆ ಟಿಪ್ಪಣಿ ಬೇಕು. ಕನ್ನಡದ ಓದುಗರಿಗೆ ಬೇಡ. ಬೇರೆ ಜಾತಿಯ ಹುಡುಗನನ್ನು ಮನೆಯವರೆದುರು ‘ನೀವು’ ಎಂದೂ ಬಸ್‌ಸ್ಟಾಂಡಿನಲ್ಲಿ ‘ನೀನು’ ಎಂದೂ ಕರೆದ ಯಾರಿಗೂ ಬೇಡ.

ಟಾಲ್‌ಸ್ಟಾಯ್ ಬಾಯಿಬಿಟ್ಟು ಹೇಳಿದ ಈ ಜಾಗವೇನೋ ಇಂಗ್ಲಿಷಿನಲ್ಲೂ ಉಳಿಯಿತು. ಹೇಳದೆ ಬರೀ ಸರ್ವನಾಮ ಬದಲಿಸಿದ ನೂರಾರು ಜಾಗಗಳು? ಎಲ್ಲವೂ ಒಂದೇ ಇಂಗ್ಲಿಷ್ ಸರ್ವನಾಮದಲ್ಲಿ ಮುಳುಗಿಹೋಗುತ್ತವೆ. ಅಲ್ಲಿಂದ ಕನ್ನಡಕ್ಕೆ ತರುವವರು ಪ್ರತಿ ಸಾಲಿನಲ್ಲೂ ನೀನೋ ನೀವೋ ಎಂದು ಊಹಿಸಬೇಕು. ಅವರ ಊಹೆ ಎಷ್ಟೋ ಸಲ ಅದ್ಭುತವಾಗಿ ಸರಿಯಾಗಿರುತ್ತದೆ, ಅದು ಅವರ ಪ್ರತಿಭೆ. ಆದರೆ ಮೂಲದಲ್ಲಿ ಬರೆದಿಟ್ಟದ್ದನ್ನು ಊಹಿಸಬೇಕಾದ ಗತಿ ಏಕೆ?

ಇನ್ನೂ ಇದೆ. ಹಳೆಯ ರಷ್ಯಾದ ಆಳುಕಾಳುಗಳು ಯಜಮಾನನ ಬೆನ್ನಹಿಂದೆಯೂ ಅವನನ್ನು ಬಹುವಚನದಲ್ಲೇ ಹೇಳುತ್ತಿದ್ದರು. ‘ಯಜಮಾನರು ಮಲಗಿದ್ದಾರೆ’, ‘ಅವರು ಹೊರಗೆ ಹೋಗಿದ್ದಾರೆ’. ನಮ್ಮ ದೊಡ್ಡಮನೆಗಳ ಆಳುಗಳ ಮಾತನ್ನು ಕೇಳಿದಂತೆಯೇ ಇದೆಯಲ್ಲವೇ? ಮಾತಿನ ಕೊನೆಗೆ ‘ಸ್’ ಎಂಬ ಒಂದು ಸಕಾರ ಸೇರಿಸುವ ವಿನಯವೂ ಇತ್ತು: ‘ದಾ-ಸ್’, ‘ನ್ಯೆತ್-ಸ್’. ಹಳೆ ಮೈಸೂರಿನ ‘ಹೂಂ ಬುದ್ಧಿ’, ‘ಇಲ್ಲ ಬುದ್ಧಿ’ಗೆ ಇಷ್ಟು ಹತ್ತಿರದ ನೆಂಟ ಇನ್ನೊಂದಿಲ್ಲ. ದಾಸ್ತಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯ ತನಿಖಾಧಿಕಾರಿ ಪೊರ್ಫಿರಿ ಈ ಸಕಾರವನ್ನು ವಿನಯಕ್ಕೆ ಬಳಸುವುದಿಲ್ಲ. ಎದುರಿನವನ ನರ ಹಿಂಡಲು ಬಳಸುತ್ತಾನೆ. ಕೊಲೆಗಾರನೆಂದು ತನಗೆ ಗೊತ್ತಿರುವ ಹುಡುಗನನ್ನು ಮಾತುಮಾತಿಗೂ ಬುದ್ಧಿ, ಬುದ್ಧಿ ಎಂದು ಕರೆಯುತ್ತ ಹೋಗುವ ಪೊಲೀಸನನ್ನು ಕಲ್ಪಿಸಿಕೊಳ್ಳಿ. ಮೈ ನಡುಗುತ್ತದೆ. ಇಂಗ್ಲಿಷಿನಲ್ಲಿ ಅವನು ಬರೇ ವಾಚಾಳಿ. ಹೀಗಾಗಿ, ದಾಸ್ತಯೆವ್‌ಸ್ಕಿಯನ್ನು ಇಂಗ್ಲಿಷಿಗಿಂತ ಚೆನ್ನಾಗಿ ಕನ್ನಡಕ್ಕೆ ತರಬಹುದು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಷರತ್ತು ಒಂದೇ, ರಷ್ಯನ್ ಬರಬೇಕು.

ಎಲ್ಲಿ ಕಲಿಯುವುದು? ಬೆಂಗಳೂರು ವಿಶ್ವವಿದ್ಯಾಲಯದ ವಿದೇಶಿ ಭಾಷಾ ವಿಭಾಗದಲ್ಲಿ ರಷ್ಯನ್ ಸರ್ಟಿಫಿಕೇಟು, ಡಿಪ್ಲೊಮಾ ತರಗತಿಗಳು ನಡೆದುಬಂದಿವೆ. ಆಫೀಸು ಬಿಟ್ಟು ಓಡಿಬಂದವರು ಕೂತು ಕಲಿಯುವ ತರಗತಿಗಳು. ಸಾಹಿತ್ಯ, ಭಾಷಾಚರಿತ್ರೆ, ಅನುವಾದ ಎಂದು ಎಂ.ಎ., ಪಿಎಚ್‌.ಡಿ. ಓದಬೇಕೆನ್ನುವವರು ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯಕ್ಕೋ ದೆಹಲಿಗೋ ರೈಲು ಹತ್ತುತ್ತಾರೆ. ದೆಹಲಿಯಲ್ಲಿ 1965ರಲ್ಲಿ ಸ್ಥಾಪನೆಯಾದ ರಷ್ಯನ್ ಅಧ್ಯಯನ ಸಂಸ್ಥೆ ಆಮೇಲೆ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದೊಳಗೆ ಸೇರಿತು. ದೆಹಲಿ ವಿಶ್ವವಿದ್ಯಾಲಯದ ಸ್ಲಾವೊನಿಕ್ ಮತ್ತು ಫಿನ್ನೊ-ಉಗ್ರಿಯನ್ ಅಧ್ಯಯನ ವಿಭಾಗವಂತೂ ರಷ್ಯನ್ ಜೊತೆಗೆ ಪೋಲಿಷ್, ಚೆಕ್, ಬಲ್ಗೇರಿಯನ್‌ಗಳನ್ನೂ ಕಲಿಸುತ್ತ ಬಂದಿದೆ. ಅಲ್ಲಿಂದ ಹಿಂದಿಗೆ ನೇರ ಅನುವಾದಗಳು ಹರಿದುಬಂದದ್ದು ಸಹಜವೇ. ಕನ್ನಡಕ್ಕೆ ಬರಬೇಕಾದರೆ ಕನ್ನಡದ ನೆಲದಲ್ಲೊಂದು ವಿಭಾಗ ಬೇಕು.

ಕನ್ನಡ ಶಾಲೆಗಳೇ ಮುಚ್ಚುತ್ತಿರುವಾಗ ನಿಮ್ಮ ಪೋಲಿಷ್ ಯಾರಿಗೆ ಬೇಕು ಎಂದು ಕೇಳುವವರು ಇದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಅದಕ್ಕೆ ಉತ್ತರವಾಗಿ ‘ಕೆಲಸ ಸಿಗುತ್ತದೆ’ ಎಂದು ಹೇಳುವ ನನ್ನ ವೃತ್ತಿಬಾಂಧವರ ವಾದವನ್ನು ಮಾತ್ರ ನಾನು ಒಪ್ಪುವುದಿಲ್ಲ. ಎಂಬತ್ತರ ದಶಕದಲ್ಲಿ ಆ ವಾದಕ್ಕೆ ತುಂಬಿದ ತರಗತಿಗಳು 1991ರಲ್ಲಿ ಸೋವಿಯತ್ ಒಕ್ಕೂಟ ಬಿದ್ದೊಡನೆ ಬರಿದಾದವು. ಕೆಲಸಕ್ಕಾಗಿ ಕಲಿಯುವವರು ಕಲಿಯಲಿ, ಸಂತೋಷ. ವಿಭಾಗ ಕಟ್ಟಬೇಕಾದದ್ದು ಓದುಗರಿದ್ದಾರೆ ಎಂಬ ಆಧಾರದ ಮೇಲೆ, ನಮಗೆ ಅದು ನೂರು ವರ್ಷದಿಂದ ಇದೆ.

ಗಡಿ ವ್ಯಾಜ್ಯಕ್ಕೆ ಬರುತ್ತೇನೆಂದಿದ್ದೆ. ಸ್ಲಾವ್ ಭಾಷೆಗಳ ನಡುವಿನ ಭೇದವನ್ನು ಈ ಕಾಲದಲ್ಲಿ ಕನ್ನಡಿಗರ ಪೈಕಿ ಬೇರೆಲ್ಲರಿಗಿಂತ ಚೆನ್ನಾಗಿ ಬಲ್ಲವರು ನಮ್ಮ ಪ್ರಾಧ್ಯಾಪಕರಲ್ಲ. ಉಕ್ರೇನಿಗೆ ವೈದ್ಯಕೀಯ ಓದಲು ಹೋದ ಮಕ್ಕಳು. ಪಾಠ ಇಂಗ್ಲಿಷಿನಲ್ಲೇ ನಡೆದರೂ ವಾರ್ಡಿಗೆ ಹೋದಾಗ ಮಂಚದ ಮೇಲಿರುವ ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಎಲ್ಲಿ ನೋವು, ಎಂದಿನಿಂದ, ಏನು ತಿಂದಿರಿ ಎಂದು ಆಕೆಯ ಮಾತಿನಲ್ಲೇ ಕೇಳಬೇಕು. ಖಾರ್ಕಿವ್‌ನಲ್ಲಿ ಓದುತ್ತಿದ್ದವರ ಕಿವಿಗೆ ಹೆಚ್ಚಾಗಿ ಬಿದ್ದದ್ದು ರಷ್ಯನ್. ಪಶ್ಚಿಮದ ತೆರ್ನೊಪಿಲ್, ಲ್ವಿವ್ ಕಡೆ ಹೋದವರಿಗೆ ಉಕ್ರೇನಿಯನ್. ಊರಿನ ನೆಂಟರಿಗೆ ಮಾತ್ರ ಎರಡೂ ‘ರಷ್ಯಾ ಕಡೆ’. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ನಂತರ ಅಂಥ ಅಸಡ್ಡೆಗೆ ಜಾಗ ಉಳಿಯಲಿಲ್ಲ. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಷೆಲ್ ದಾಳಿಗೆ ಬಲಿಯಾದ ವಿದ್ಯಾರ್ಥಿ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯವನು.

ಉಕ್ರೇನಿಯನ್ ಎಂಬುದು ರಷ್ಯನ್‌ನ ಹಳ್ಳಿ ರೂಪ ಎಂದು ರಷ್ಯನ್ ಸಾಮ್ರಾಜ್ಯದವರು ಹೇಳುತ್ತಿದ್ದ ಮಾತು ಹಳೆಯದು. 1876ರಲ್ಲಿ ಎಮ್ಸ್ ಎಂಬಲ್ಲಿಂದ ಚಕ್ರವರ್ತಿ ಹೊರಡಿಸಿದ ಆಜ್ಞೆ ಉಕ್ರೇನಿಯನ್‌ನಲ್ಲಿ ಪುಸ್ತಕ ಅಚ್ಚು ಹಾಕುವುದನ್ನೇ ಹತ್ತಿಕ್ಕಿತು. ಆ ಭಾಷೆಯ ಆದಿಕವಿಯಂತಿರುವ ತಾರಾಸ್ ಶೆವ್ಚೆಂಕೊ ಹುಟ್ಟು ಜೀತದಾಳು. 1838ರಲ್ಲಿ ಬಿಡುಗಡೆ, 1840ರಲ್ಲಿ ‘ಕೊಬ್ಜಾರ್’ ಕವನ ಸಂಗ್ರಹ, 1847ರಲ್ಲಿ ಬಂಧನ, ಗಡೀಪಾರು. ಬರೆಯಬಾರದು, ಚಿತ್ರ ಬಿಡಿಸಬಾರದು ಎಂಬ ಕಟ್ಟಪ್ಪಣೆ ಬೇರೆ. ಗೊಗೊಲ್ ಅದೇ ಉಕ್ರೇನಿನಲ್ಲಿ ಹುಟ್ಟಿ ರಷ್ಯನ್‌ನಲ್ಲಿ ಬರೆದ. ಇವರಿಬ್ಬರನ್ನು ಪಕ್ಕಪಕ್ಕದಲ್ಲಿ ಓದಿಸದ ಸ್ಲಾವ್ ವಿಭಾಗ ಅರ್ಧ ವಿಭಾಗ. ರಷ್ಯನ್ ಒಂದನ್ನೇ ನಡುಮನೆಯಲ್ಲಿ ಕೂರಿಸಿ ಉಳಿದವರನ್ನು ಜಗುಲಿಯಲ್ಲಿ ನಿಲ್ಲಿಸಿದ್ದು ಸರಿಯೇ ಎಂದು ಜಗತ್ತಿನ ಬೇರೆ ಬೇರೆ ಸ್ಲಾವ್ ವಿಭಾಗಗಳು ಈ ಯುದ್ಧದ ನಂತರ ತಮ್ಮನ್ನೇ ಕೇಳಿಕೊಳ್ಳುತ್ತಿವೆ. ನಮಗೆ ಕೆಡವಿ ಕಟ್ಟುವ ಕಷ್ಟವಿಲ್ಲ, ಹೊಸದಾಗಿ ಕಟ್ಟುವುದು.

ಪೋಲೆಂಡಿಗೂ ನಮಗೂ ಇರುವ ನಂಟನ್ನು ನೆನೆಯುವವರು ಕಡಿಮೆ. 1930ರ ದಶಕದಲ್ಲಿ ಬೆಂಗಳೂರಿನ ಸರ್ಕಾರಿ ಎಲೆಕ್ಟ್ರಿಕ್ ಫ್ಯಾಕ್ಟರಿಯನ್ನು ನಡೆಸಲು ಬಂದವರು ವಾರ್ಸಾದ ಎಂಜಿನಿಯರ್ ಮಾರಿಸ್ ಫ್ರಿಡ್ಮನ್. ಆಮೇಲೆ ಕಾವಿ ಉಟ್ಟು, ಗಾಂಧೀಜಿಯ ಬಳಿ ಹೋಗಿ ಭಾರತಾನಂದರಾದರು. ಅವರ ಗೆಳತಿ ವಾಂಡಾ ದಿನೋಫ್‌ಸ್ಕಾ 1944ರಲ್ಲಿ ಅವರ ಜೊತೆಗೂಡಿ ಮದರಾಸಿನಲ್ಲಿ ಪೋಲಿಷ್–ಭಾರತೀಯ ಗ್ರಂಥಮಾಲೆ ಶುರುಮಾಡಿ, ನಮ್ಮ ಸಾಹಿತ್ಯವನ್ನು ಪೋಲಿಷ್‌ಗೆ, ಅವರ ಸಾಹಿತ್ಯವನ್ನು ಇಲ್ಲಿನವರಿಗೆ ಮುಟ್ಟಿಸಲು ದುಡಿದರು. ಉಮಾದೇವಿ ಎಂದು ಹೆಸರಿಟ್ಟುಕೊಂಡಿದ್ದ ಆಕೆ ಟಿಬೆಟನ್ ನಿರಾಶ್ರಿತರ ಸೇವೆಯಲ್ಲಿದ್ದು 1971ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅದೇ ಮೈಸೂರಿನಲ್ಲಿ ಚೆಕ್ ಜಾವಾ ಬೈಕುಗಳು ತಯಾರಾಗುತ್ತಿದ್ದವು ಎಂಬುದು ಮಾತ್ರ ಎಲ್ಲರಿಗೂ ನೆನಪಿದೆ.

ಕಡೆಯದಾಗಿ ಒಂದು ಕಾದಂಬರಿ. ಪೋಲಿಷ್ ಲೇಖಕ ವ್ವಾದಿಸ್ವಾವ್ ರೇಮೊಂಟ್, 1924ರ ನೊಬೆಲ್ ಪಡೆದವನು. ನಾಲ್ಕು ಋತುಗಳಲ್ಲಿ ಒಂದು ಹಳ್ಳಿಯ ಕಥೆ ಹೇಳುವ ‘ರೈತರು’ ಅವನ ಹೆಸರಾಂತ ಕೃತಿ. ನನಗೆ ಈ ಊರಿನಲ್ಲಿ ನೆನಪಾಗುವುದು ಅದಕ್ಕಿಂತ ಮುಂಚಿನದು, 1899ರ ‘ವಾಗ್ದತ್ತ ಭೂಮಿ’. ಅದರ ನಾಯಕ ಒಂದು ಊರು, ಪೋಲೆಂಡಿನ ವುಚ್. ಎಲೆಕ್ಟ್ರಾನಿಕ್ ಸಿಟಿಯ ಹುಡುಗರು ಇಂಗ್ಲಿಷ್ ಕಾಗುಣಿತ ನೋಡಿ ಅದನ್ನು ‘ಲಾಡ್ಜ್’ ಎನ್ನುತ್ತಾರೆ. ಇನ್ಫೋಸಿಸ್ 2007ರಲ್ಲಿ ಫಿಲಿಪ್ಸ್‌ನಿಂದ ಕೊಂಡ ಕೇಂದ್ರಗಳಲ್ಲಿ ಒಂದು ಅಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಒಂದು ಸಾವಿರ ಜನವೂ ಇರದ ಊರು ಬಟ್ಟೆ ಗಿರಣಿಗಳಿಂದಾಗಿ ಶತಮಾನ ಮುಗಿಯುವ ಹೊತ್ತಿಗೆ ಮೂರು ಲಕ್ಷ ದಾಟಿತ್ತು. ಒಬ್ಬ ಪೋಲ್, ಒಬ್ಬ ಜರ್ಮನ್, ಒಬ್ಬ ಯಹೂದಿ, ಮೂವರು ಗೆಳೆಯರು ಸಾಲಸೋಲ ಮಾಡಿ ಗಿರಣಿ ಹಾಕಲು ಹೊರಡುತ್ತಾರೆ. ಸುತ್ತ ಹೊಗೆ, ಬಣ್ಣದ ನೀರು ಹರಿಯುವ ಚರಂಡಿ, ಜಮೀನು ಬಿಟ್ಟು ಬಂದು ಗಿರಣಿಯ ಗೇಟಿನ ಮುಂದೆ ಕೆಲಸಕ್ಕೆ ನಿಂತವರು, ಯಂತ್ರಕ್ಕೆ ಸಿಕ್ಕಿ ಕೈ ಕಳೆದುಕೊಂಡವರು, ದಿವಾಳಿ ಎದ್ದವರು, ವಿಮೆಯ ಹಣಕ್ಕೆ ತಮ್ಮ ಗಿರಣಿಗೆ ತಾವೇ ಬೆಂಕಿ ಇಡುವವರು. ರೇಮೊಂಟ್ ಯಾರ ಮೇಲೂ ಕರುಣೆ ತೋರುವುದಿಲ್ಲ, ತನ್ನವನಾದ ಪೋಲ್ ಮೇಲಂತೂ ಇಲ್ಲವೇ ಇಲ್ಲ. ಆಂದ್ಜೆಯ್ ವಾಯ್ದಾ 1975ರಲ್ಲಿ ಇದನ್ನು ಸಿನಿಮಾ ಮಾಡಿದ.

ಹಳ್ಳಿಯ ಮೇಲೆ ಕನ್ನಡದಲ್ಲಿ ಉತ್ತಮ ಕಾದಂಬರಿಗಳು ಬೇಕಾದಷ್ಟಿವೆ. ರಾಗಿ ಹೊಲ ಕೈಗಾರಿಕಾ ನಿವೇಶನವಾಗಿ, ಕೆರೆಯ ನೀರು ಬಣ್ಣ ತಿರುಗಿ, ಪರಿಹಾರದ ದುಡ್ಡಿನಲ್ಲಿ ಮೂರಂತಸ್ತು ಕಟ್ಟಿ ಬಾಡಿಗೆಗೆ ಬಿಟ್ಟ ಮನೆತನಗಳ ಈ ಆನೇಕಲ್ ತಾಲ್ಲೂಕಿನ ಮೇಲೆ ಅಂಥ ದೊಡ್ಡ ಕಾದಂಬರಿಯನ್ನು ನಾನಿನ್ನೂ ಓದಿಲ್ಲ. ‘ವಾಗ್ದತ್ತ ಭೂಮಿ’ಯನ್ನು ಕನ್ನಡಕ್ಕೆ ತರುವವರಿಗೆ ಪುಸ್ತಕದ ಕನ್ನಡ ಸಾಲದು. ಪೋಲಿಷ್, ಜರ್ಮನ್, ಯಿದ್ದಿಷ್ ಮೂರೂ ಉಜ್ಜಾಡುವ ಆ ಊರಿನ ಮಾತಿಗೆ ತೆಲುಗು, ತಮಿಳು, ಹಿಂದಿ ಬೆರೆತ ಇಲ್ಲಿನ ಷಾಪ್‌ಫ್ಲೋರಿನ ಕನ್ನಡವೇ ಆಗಬೇಕು. ಶಿಫ್ಟು, ಓಟಿ, ಗುತ್ತಿಗೆದಾರ, ಮೇಸ್ತ್ರಿ, ಲೇಆಫ್ ಎಲ್ಲ ಬೇಕು. ಆ ಕನ್ನಡ ಯಾವ ಕನ್ನಡ ಎಂ.ಎ. ತರಗತಿಯಲ್ಲೂ ಸಿಗುವುದಿಲ್ಲ, ಇಲ್ಲಿನ ಎರಡನೆಯ ಪಾಳಿ ಮುಗಿಸಿ ಬರುವವರ ಬಾಯಲ್ಲಿ ಇದೆ. ಅಂಥವರ ಮನೆಯಿಂದ ಒಬ್ಬ ಹುಡುಗನೋ ಹುಡುಗಿಯೋ ದೆಹಲಿ ವಿಶ್ವವಿದ್ಯಾಲಯದ ಸ್ಲಾವೊನಿಕ್ ವಿಭಾಗಕ್ಕೆ ಪೋಲಿಷ್ ಕಲಿಯಲು ಹೋಗುವುದಾದರೆ ಹಾಸ್ಟೆಲಿನ ಖರ್ಚಿಗೆ ಈ ದತ್ತಿಯ ಬಡ್ಡಿಯನ್ನು ಕೊಡಬಹುದೇ ಎಂದು ದಾನಿಗಳನ್ನು ಆಗಲೇ ಕೇಳಿದ್ದೇನೆ. ಯೋಚಿಸಿ ಹೇಳುತ್ತೇವೆ ಎಂದಿದ್ದಾರೆ.